ಪೇಸ್‌ಮೇಕರ್ ಫಲ ಕೊಡುತ್ತಾ, ಎಕೋ ಹೇಳುತ್ತಾ?

ಪತ್ರ: ನಮ್ಮ ತಂದೆಗೆ ಹಾರ್ಟ್ ಪಂಪಿಂಗ್ 28 ಪರ್ಸೆಂಟ್ ಇದೆ. ಇಸಿಜಿಯಲ್ಲಿ ಎಲ್‌ಬಿಬಿಬಿ, ಕ್ಯೂಆರ್‌ಎಸ್ 160 ಎಂದಿದೆ. ತುಮಕೂರಿನ ಡಾಕ್ಟರು ಸಿಆರ್‌ಟಿ ಪೇಸ್‌ಮೇಕರ್ ಹಾಕಿಸಿ ಅಂದರು. ಆದರೆ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟಿನಲ್ಲಿ ‘ಡಿಸಿಂಕ್ರೊನಿ ಹೆಚ್ಚಿಲ್ಲ’ ಎಂದು ಬರೆದಿದ್ದಾರೆ. ಲಕ್ಷಗಟ್ಟಲೆ ಸುರಿದ ಮೇಲೆ ಉಪಯೋಗ ಆಗದಿದ್ದರೆ? ಎಕೋದಲ್ಲಿ ಮೊದಲೇ ಗೊತ್ತಾಗಲ್ವಾ?
– ಓದುಗರು, ತಿಪಟೂರು

ಉತ್ತರ: ನಿಮ್ಮ ಅಳುಕು ಸುಮ್ನೆ ಅಲ್ಲ. ಸಿಆರ್‌ಟಿ ಹಾಕಿಸಿಕೊಂಡ ಮೂವರಲ್ಲಿ ಸುಮಾರು ಒಬ್ಬರಿಗೆ ಅಂದುಕೊಂಡಷ್ಟು ಗುಣ ಕಾಣುವುದಿಲ್ಲ.

ಎಲ್‌ಬಿಬಿಬಿ ಅಂದರೆ ಹೃದಯದ ಎಡಬದಿಗೆ ಕರೆಂಟು ಒಯ್ಯುವ ದಾರಿಯಲ್ಲಿ ತಡೆ. ಕ್ಯೂಆರ್‌ಎಸ್ ಅಂದರೆ ಆ ಕರೆಂಟು ಕೆಳಕೋಣೆಗಳಿಗೆ ಹರಡಲು ಹಿಡಿಯುವ ಸಮಯ, ಮಿಲಿಸೆಕೆಂಡ್ ಲೆಕ್ಕದಲ್ಲಿ. ಇಂಥ ತಡೆ ಇದ್ದವರ ಎಕೋದಲ್ಲಿ ಎಷ್ಟೋ ಸಲ ಒಂದು ವಿಚಿತ್ರ ಕಾಣುತ್ತದೆ. ಹೃದಯದ ನಡುಗೋಡೆ ಚಕ್ಕನೆ ಒಳಗೆ ಜಿಗಿದು ವಾಪಸ್ ಬರುತ್ತದೆ. ಎಡಕೋಣೆಯ ಆಚೆ ಬದಿಯ ಗೋಡೆ ಕುಗ್ಗುವುದು ಆಮೇಲೆ. ಜೋಡೆತ್ತಿನಲ್ಲಿ ಒಂದು ಎಳೆದು ನಿಂತ ಮೇಲೆ ಇನ್ನೊಂದು ಎಳೆದ ಹಾಗೆ. ಸಿಆರ್‌ಟಿ ಎರಡೂ ಬದಿಗೆ ಕರೆಂಟು ಕೊಟ್ಟು ಎರಡನ್ನೂ ಒಟ್ಟಿಗೆ ಎಳೆಸುತ್ತದೆ.

ಹಾಗಾದರೆ ಈ ಏರುಪೇರನ್ನು (ರಿಪೋರ್ಟಿನ ‘ಡಿಸಿಂಕ್ರೊನಿ’ ಇದೇ) ಎಕೋದಲ್ಲಿ ಅಳೆದರೆ ಸಾಕಲ್ವಾ? ಡಾಕ್ಟರುಗಳೂ ಹಾಗೇ ಅಂದುಕೊಂಡಿದ್ದರು. 2008ರಲ್ಲಿ ಪ್ರಕಟವಾದ ‘ಪ್ರಾಸ್ಪೆಕ್ಟ್’ ಅಧ್ಯಯನ 53 ಆಸ್ಪತ್ರೆಗಳ 498 ರೋಗಿಗಳಲ್ಲಿ ಎಕೋದ 12 ಅಳತೆಗಳನ್ನು ಪರೀಕ್ಷಿಸಿತು. ನೆಚ್ಚಿಕೊಳ್ಳುವಂಥದ್ದು ಒಂದೂ ಸಿಗಲಿಲ್ಲ. ಅದೇ ಎಕೋವನ್ನು ಇಬ್ಬರು ಅಳೆದರೆ ಲೆಕ್ಕ ಬೇರೆ ಬೇರೆ ಬರುತ್ತಿತ್ತು! 2013ರ ‘ಎಕೋಸಿಆರ್‌ಟಿ’ ಅಧ್ಯಯನದ್ದು ಇನ್ನೂ ಖಾರವಾದ ಪಾಠ. ಇಸಿಜಿಯಲ್ಲಿ ಕ್ಯೂಆರ್‌ಎಸ್ 130ಕ್ಕಿಂತ ಕಡಿಮೆ, ಆದರೆ ಎಕೋದಲ್ಲಿ ಏರುಪೇರು ಇದ್ದವರಿಗೆ ಸಾಧನ ಹಾಕಿ ನೋಡಿದರು. ಚಾಲೂ ಮಾಡಿದವರಲ್ಲಿ 45 ಮಂದಿ ಸತ್ತರು, ಚಾಲೂ ಮಾಡದವರಲ್ಲಿ 26. ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಿದರು.

ಹಾಗಾಗಿ ಇವತ್ತಿಗೂ ಮುಖ್ಯ ಮಾತು ಇಸಿಜಿಯದೇ. ಪಂಪಿಂಗ್ 35 ಅಥವಾ ಕಡಿಮೆ, ಎಲ್‌ಬಿಬಿಬಿ, ಕ್ಯೂಆರ್‌ಎಸ್ 150 ಅಥವಾ ಜಾಸ್ತಿ, ಮಾತ್ರೆ ಸರಿಯಾಗಿ ತಗೊಂಡರೂ ಏದುಸಿರು – ಇಂಥವರಿಗೇ ಲಾಭ ಹೆಚ್ಚು. ನೀವು ಬರೆದ ಅಂಕಿಗಳು ಇದಕ್ಕೆ ಹೊಂದುತ್ತವೆ. ಎಕೋದ ಆ ಒಂದು ಸಾಲಿಗಾಗಿ ಬೇಡ ಅನ್ನಬೇಡಿ ಎಂಬುದು ನನ್ನ ಅನಿಸಿಕೆ. ತೀರ್ಮಾನ ಮಾತ್ರ ಡಾಕ್ಟರದು. ಮಾತ್ರೆಗಳು ಪೂರ್ತಿ ಡೋಸಿಗೆ ಬಂದು ಮೂರು ತಿಂಗಳಾದರೂ ಆಗಿದೆಯಾ, ಹಳೇ ಹಾರ್ಟ್ ಅಟ್ಯಾಕಿನ ಗಾಯ ಎಲ್ಲಿದೆ ಎಂದು ಅವರನ್ನು ಕೇಳಿ. ಗಾಯದ ಜಾಗದಲ್ಲಿ ಸಾಧನದ ತಂತಿ ಕೂತರೆ ಕೆಲಸ ಕೆಡುತ್ತದೆ. ಇದನ್ನು ನೋಡಲು ಎಕೋ ನೆರವಾಗುತ್ತದೆ.

ಈಗಿನ ಎಕೋ ರಿಪೋರ್ಟನ್ನು ಜೋಪಾನವಾಗಿಡಿ. ಸಾಧನ ಹಾಕಿಸಿದರೆ ಆರು ತಿಂಗಳಿಗೆ, ಆದಷ್ಟೂ ಅದೇ ಕಡೆ, ಮತ್ತೆ ಮಾಡಿಸಿ. ಕುಗ್ಗಿದಾಗಿನ ಎಡಕೋಣೆಯ ಗಾತ್ರ 15 ಪರ್ಸೆಂಟ್ ಇಳಿದಿದ್ದರೆ ಸಾಧನ ಕೆಲಸ ಮಾಡಿದೆ ಎಂದೇ ಡಾಕ್ಟರುಗಳು ಎಣಿಸುತ್ತಾರೆ.