ಐರ್ಲೆಂಡ್ ಅರ್ಥವಾಗಬೇಕಾದರೆ ಯಾವ ಸಿನಿಮಾದಿಂದ ಶುರು ಮಾಡಲಿ?

ಐರ್ಲೆಂಡಿನ ಇತಿಹಾಸ, ಜನಜೀವನ, ಸಂಸ್ಕೃತಿ ತಿಳಿಸುವ ಸಿನಿಮಾ ಮತ್ತು ಡಾಕ್ಯುಮೆಂಟರಿ ಯಾವುವು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಾನು ಎಲ್ಲಿಂದ ಶುರು ಮಾಡಿದೆ ಅನ್ನೋದನ್ನೇ ಮೊದಲು ಹೇಳುತ್ತೇನೆ. ಆ ದಾರಿ ನಮ್ಮ ಬೆಳಗಾವಿಯಿಂದಲೇ ಹೊರಡುತ್ತದೆ.

ಸವಿತಾ ಹಾಲಪ್ಪನವರ್ ಹೆಸರು ನಿಮಗೆ ನೆನಪಿರಬಹುದು. ಬೆಳಗಾವಿಯ ಹೆಣ್ಣುಮಗಳು, ಹಲ್ಲಿನ ಡಾಕ್ಟರ್. ಗಂಡನ ಜೊತೆ ಐರ್ಲೆಂಡಿನ ಗಾಲ್ವೇ ಊರಿನಲ್ಲಿದ್ದರು. 2012ರ ಅಕ್ಟೋಬರಿನಲ್ಲಿ, 17 ವಾರ ತುಂಬಿದ್ದಾಗ, ಗರ್ಭ ಉಳಿಯುವುದಿಲ್ಲ ಅಂತ ಗೊತ್ತಾಯಿತು. ತೆಗೆದುಬಿಡಿ ಅಂತ ಕೇಳಿಕೊಂಡರು. ಮಗುವಿನ ಎದೆಬಡಿತ ಇರುವ ತನಕ ಆಗುವುದಿಲ್ಲ ಅಂತ ಆಸ್ಪತ್ರೆಯವರು ಅಂದರು. ಮೈಯೆಲ್ಲ ನಂಜೇರಿ ಅಕ್ಟೋಬರ್ 28ಕ್ಕೆ ತೀರಿಕೊಂಡರು. ಆಗ ಅವರಿಗೆ 31 ವರ್ಷ.

ನಮ್ಮದು ಹುಬ್ಬಳ್ಳಿ. ಪೇಪರಿನ ಮೊದಲ ಪುಟದಲ್ಲಿ ಆ ನಗುಮುಖದ ಫೋಟೋ ನೋಡಿ ಅವ್ವ ಕೇಳಿದರು: "ಅಷ್ಟು ಮುಂದುವರಿದ ದೇಶದಾಗ ಹಿಂಗ್ಯಾಕಾತು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅದನ್ನು ಹುಡುಕುತ್ತಾ ನಾನು ಐರಿಶ್ ಸಿನಿಮಾಗಳಿಗೆ ಬಂದೆ. ಹತ್ತು ವರ್ಷಕ್ಕಿಂತ ಜಾಸ್ತಿ ಆಯ್ತು, ಇನ್ನೂ ನೋಡುತ್ತಲೇ ಇದ್ದೇನೆ.

ಹಾಗಾಗಿ ನಿಮಗೂ ಮೊದಲು ಹೇಳುವುದು 'ದಿ ಎಯ್ತ್' ಎಂಬ 2020ರ ಡಾಕ್ಯುಮೆಂಟರಿ. 1983ರಲ್ಲಿ ಐರ್ಲೆಂಡಿನ ಸಂವಿಧಾನಕ್ಕೆ ಎಂಟನೇ ತಿದ್ದುಪಡಿ ಬಂತು. ಹುಟ್ಟದ ಮಗುವಿನ ಜೀವಕ್ಕೂ ತಾಯಿಯ ಜೀವಕ್ಕೂ ಸಮಾನ ಹಕ್ಕು ಅಂತ ಅದರಲ್ಲಿ ಬರೆದರು. 2018ರ ಮೇ 25ರಂದು ಜನಮತ ತೆಗೆದುಕೊಂಡು ಅದನ್ನು ತೆಗೆದುಹಾಕಿದರು. ತೆಗೆಯಬೇಕು ಅಂದವರು ಶೇಕಡಾ 66.4. ಆ ಮತದಾನದ ಹಿಂದಿನ ಓಡಾಟ, ಮನೆಮನೆ ಬಾಗಿಲು ತಟ್ಟುವುದು, ಮೂವತ್ತೈದು ವರ್ಷ ಹೋರಾಡಿದ ಹಿರಿಯ ಹೆಂಗಸರ ದಣಿವು, ಎಲ್ಲವೂ ಇದರಲ್ಲಿದೆ. ಆ ದಿನಗಳಲ್ಲಿ ಡಬ್ಲಿನ್‌ನ ಒಂದು ಗೋಡೆಯ ಮೇಲೆ ಸವಿತಾ ಮುಖವನ್ನು ದೊಡ್ಡದಾಗಿ ಬರೆದಿದ್ದರು. ಮತ ಹಾಕಿ ಬಂದವರು ಅದರ ಪಕ್ಕ ಚೀಟಿ ಅಂಟಿಸಿ ಹೋಗುತ್ತಿದ್ದರು. ಕ್ಷಮಿಸು ಅಂತ ಬರೆದ ಚೀಟಿಗಳು. ನಮ್ಮ ಕಡೆಯ ಹೆಣ್ಣುಮಗಳ ಹೆಸರು ಹಿಡಿದು ಒಂದು ದೇಶ ಅತ್ತಿದ್ದನ್ನು ಕಂಡು ನಾನೂ ಅತ್ತಿದ್ದೇನೆ.

ಆದರೆ ಅಂಥ ಕಾನೂನು ಯಾಕಿತ್ತು? ಅದು ಗೊತ್ತಾಗಬೇಕಾದರೆ, ಆ ದೇಶದ ಮೇಲೆ ಕ್ಯಾಥೊಲಿಕ್ ಚರ್ಚಿನ ಹಿಡಿತ ಎಷ್ಟಿತ್ತು ಅಂತ ತೋರಿಸುವ 'ರಾಕಿ ರೋಡ್ ಟು ಡಬ್ಲಿನ್' ನೋಡಬೇಕು. ಇಡೀ ಪಟ್ಟಿಯಲ್ಲಿ ಒಂದೇ ಒಂದನ್ನು ಆರಿಸು ಅಂದರೆ ನಾನು ಆರಿಸುವುದು ಇದನ್ನೇ. ಪೀಟರ್ ಲೆನನ್ ಎಂಬ ಡಬ್ಲಿನ್‌ನವರು ಪ್ಯಾರಿಸ್‌ನಲ್ಲಿ ಪತ್ರಕರ್ತರಾಗಿದ್ದರು. 1967ರಲ್ಲಿ ಊರಿಗೆ ಬಂದು ಈ ಡಾಕ್ಯುಮೆಂಟರಿ ಮಾಡಿದರು. ಕ್ಯಾಮೆರಾ ಹಿಡಿದದ್ದು ರೌಲ್ ಕುತಾರ್, ಫ್ರಾನ್ಸಿನ ಹೆಸರಾಂತ ನಿರ್ದೇಶಕ ಗೊದಾರ್ ಅವರ ಸಿನಿಮಾಗಳ ಛಾಯಾಗ್ರಾಹಕ. ಲೆನನ್ ಕೇಳುವುದು ಒಂದೇ ಪ್ರಶ್ನೆ: ಕ್ರಾಂತಿ ಮಾಡಿ ಸ್ವಾತಂತ್ರ್ಯ ಪಡೆದಿರಲ್ಲ, ಪಡೆದು ಏನು ಮಾಡಿದಿರಿ?

ಒಂದು ದೃಶ್ಯ ಹೇಳುತ್ತೇನೆ. ಶಾಲೆಯ ಕೋಣೆ. ಒಬ್ಬ ಹುಡುಗ ಎದ್ದು ನಿಂತು ಪಾಠ ಒಪ್ಪಿಸುತ್ತಾನೆ. ಆದಾಮನ ಪಾಪದಿಂದಾಗಿ ನಮ್ಮ ಬುದ್ಧಿಗೆ ಕತ್ತಲೆ ಕವಿದಿದೆ, ಮನೋಬಲ ಕುಂದಿದೆ, ಮನಸ್ಸು ಕೆಟ್ಟದ್ದರ ಕಡೆಗೇ ಎಳೆಯುತ್ತದೆ ಅಂತ. ಮಗ್ಗಿ ಒಪ್ಪಿಸಿದ ಹಾಗೆ, ಉಸಿರು ಬಿಡದೆ. ತನ್ನ ಬುದ್ಧಿ ಮಸುಕು ಅಂತ ಬಾಯಿಪಾಠ ಮಾಡಿದ ಆ ಮಗುವಿನ ಕಣ್ಣು ಮಾತ್ರ ಎಷ್ಟು ಚುರುಕಾಗಿವೆ! ಕುತಾರ್ ಕ್ಯಾಮೆರಾ ಆ ಮುಖ ಬಿಟ್ಟು ಅಲುಗುವುದಿಲ್ಲ.

ಇನ್ನೊಂದು ಕಡೆ ಮೈಕೆಲ್ ಕ್ಲಿಯರಿ ಎಂಬ ಯುವ ಪಾದ್ರಿ ಆಸ್ಪತ್ರೆಯ ವಾರ್ಡಿನಲ್ಲಿ ಹಾಡು ಹೇಳಿ ಹೆಂಗಸರನ್ನು ನಗಿಸುತ್ತಾರೆ. ಒಳ್ಳೆಯವರು, ಮಾತುಗಾರರು ಅಂತಲೇ ಅನಿಸುತ್ತದೆ. ಮುಂದೆ ಅವರು ರೇಡಿಯೋ, ಟಿವಿಯಲ್ಲಿ ಬಹಳ ಹೆಸರು ಮಾಡಿದರು. 1993ರ ಕೊನೆಯಲ್ಲಿ ಅವರು ತೀರಿಕೊಂಡ ಮೇಲೆ, ಅವರ ಮನೆ ನೋಡಿಕೊಳ್ಳುತ್ತಿದ್ದ ಹೆಂಗಸಿನಲ್ಲಿ ಅವರಿಗೆ ಮಕ್ಕಳಿದ್ದ ವಿಷಯ ಹೊರಬಂತು. ಇದು ಗೊತ್ತಿದ್ದು ಆ ಹಾಡಿನ ದೃಶ್ಯ ನೋಡಿದರೆ ಎದೆ ಭಾರವಾಗುತ್ತದೆ. ಲೆನನ್ ಯಾರನ್ನೂ ಬಯ್ಯುವುದಿಲ್ಲ. ಸುಮ್ನೆ ಮಾತಾಡಲು ಬಿಡುತ್ತಾರೆ. ಉಳಿದದ್ದು ನಮಗೇ ಕಾಣುತ್ತದೆ.

ಫ್ರಾನ್ಸಿನ ಕಾನ್ ಚಿತ್ರೋತ್ಸವ 1968ರಲ್ಲಿ ವಿದ್ಯಾರ್ಥಿಗಳ, ಕಾರ್ಮಿಕರ ಚಳವಳಿಯ ಗಲಾಟೆಯಲ್ಲಿ ಅರ್ಧಕ್ಕೇ ನಿಂತುಹೋಯಿತು, ನಿಲ್ಲುವ ಮೊದಲು ಕೊನೆಗೆ ತೋರಿಸಿದ್ದು ಇದನ್ನೇ. ಐರ್ಲೆಂಡಿನಲ್ಲಿ ಮಾತ್ರ ಡಬ್ಲಿನ್‌ನ ಒಂದು ಥಿಯೇಟರಿನಲ್ಲಿ ಕೆಲವು ವಾರ ಓಡಿತು, ಆಮೇಲೆ ದಶಕಗಳ ಕಾಲ ಮೂಲೆಗೆ ಬಿತ್ತು. ಯಾರೂ ಅಧಿಕೃತವಾಗಿ ನಿಷೇಧಿಸಲಿಲ್ಲ. ತೋರಿಸಲಿಲ್ಲ, ಅಷ್ಟೇ. ಐರಿಶ್ ಸಿನಿಮಾ ನೋಡುತ್ತಾ ಹೋದ ಹಾಗೆ ನನಗೆ ಮತ್ತೆ ಮತ್ತೆ ಕಂಡದ್ದು ಇದೇ. ಎಲ್ಲರಿಗೂ ಗೊತ್ತಿದ್ದು ಯಾರೂ ಬಾಯಿ ಬಿಡದ ವಿಷಯ ಆ ದೇಶದಲ್ಲಿ ಬಹಳ ಇತ್ತು. ಅದನ್ನು ಹೊರಗೆ ತಂದದ್ದರಲ್ಲಿ ಕ್ಯಾಮೆರಾದ ಪಾಲು ದೊಡ್ಡದು.

ಇದು ಬರೀ ನನ್ನ ಅನಿಸಿಕೆ ಅಲ್ಲ. ಮೇರಿ ರಾಫ್ಟರಿ ಎಂಬ ಪತ್ರಕರ್ತೆ 1999ರಲ್ಲಿ ಐರಿಶ್ ಸರ್ಕಾರಿ ಟಿವಿಗೆ 'ಸ್ಟೇಟ್ಸ್ ಆಫ್ ಫಿಯರ್' ಎಂಬ ಮೂರು ಕಂತಿನ ಡಾಕ್ಯುಮೆಂಟರಿ ಮಾಡಿದರು. ಚರ್ಚ್ ನಡೆಸುತ್ತಿದ್ದ, ಸರ್ಕಾರ ದುಡ್ಡು ಕೊಡುತ್ತಿದ್ದ ಮಕ್ಕಳ ವಸತಿಶಾಲೆಗಳಲ್ಲಿ ನಡೆದ ಹೊಡೆತ, ಹಸಿವು, ಲೈಂಗಿಕ ಹಿಂಸೆ ಅದರ ವಿಷಯ. ಅಲ್ಲಿ ಬೆಳೆದು ಈಗ ತಲೆ ನರೆತವರು ಬಂದು ಕೂತು ಹೇಳುತ್ತಾರೆ. ಕೊನೆಯ ಕಂತು ಬರುವ ದಿನ, ಮೇ 11ರಂದು, ಪ್ರಧಾನಿ ಬರ್ಟಿ ಆಹರ್ನ್ ದೇಶದ ಪರವಾಗಿ ಕ್ಷಮೆ ಕೇಳಿದರು. ಮುಂದೆ ತನಿಖೆ ನಡೆದು 2009ರಲ್ಲಿ ದೊಡ್ಡ ವರದಿಯೇ ಬಂತು. ಒಂದು ಟಿವಿ ಕಾರ್ಯಕ್ರಮ ಸರ್ಕಾರದ ಬಾಯಲ್ಲಿ ಕ್ಷಮೆ ಹೇಳಿಸಿದ್ದು ಜಗತ್ತಿನಲ್ಲಿ ಎಷ್ಟು ಸಲ ಆಗಿದೆ ಹೇಳಿ.

ಹೆಣ್ಣುಮಕ್ಕಳ ಕಥೆ ಬೇರೆ. ಮದುವೆಗೆ ಮುಂಚೆ ಬಸುರಾದವರು, ದಿಕ್ಕಿಲ್ಲದವರು, ಇನ್ನೂ ಎಷ್ಟೋ ಜನ ಕ್ರೈಸ್ತ ಸನ್ಯಾಸಿನಿಯರ ಮ್ಯಾಗ್ಡಲಿನ್ ಲಾಂಡ್ರಿಗಳಿಗೆ ಸೇರುತ್ತಿದ್ದರು. ಸಂಬಳ ಇಲ್ಲ. ಊರಿನ ಬಟ್ಟೆ ಒಗೆಯುವುದೇ ಕೆಲಸ. ಕೊನೆಯ ಲಾಂಡ್ರಿ ಮುಚ್ಚಿದ್ದು 1996ರಲ್ಲಿ. 'ದಿ ಮ್ಯಾಗ್ಡಲಿನ್ ಸಿಸ್ಟರ್ಸ್' (2002) ಇದನ್ನು ಒಳಗಿನಿಂದ ತೋರಿಸುತ್ತದೆ, ನೋಡಲು ಗಟ್ಟಿ ಮನಸ್ಸು ಬೇಕು. ನನಗೆ ಹೆಚ್ಚು ಹತ್ತಿರವಾದದ್ದು 2024ರ 'ಸ್ಮಾಲ್ ಥಿಂಗ್ಸ್ ಲೈಕ್ ದೀಸ್'. ಕ್ಲೇರ್ ಕೀಗನ್ ಅವರ ಕಿರುಕಾದಂಬರಿ ಇದಕ್ಕೆ ಮೂಲ. 1985ರ ಕ್ರಿಸ್ಮಸ್ ಹೊತ್ತು, ನ್ಯೂ ರಾಸ್ ಎಂಬ ಊರು. ಕಿಲಿಯನ್ ಮರ್ಫಿ ಇಲ್ಲಿ ಕಲ್ಲಿದ್ದಲು ಮಾರುವವನು. ಕಾನ್ವೆಂಟಿಗೆ ಲೋಡ್ ಹಾಕಲು ಹೋದಾಗ ಇದ್ದಲಿನ ಕೋಣೆಯಲ್ಲಿ ಬೀಗ ಹಾಕಿಟ್ಟ ಹುಡುಗಿ ಕಾಣುತ್ತಾಳೆ. ದಿನಾ ಸಂಜೆ ಮನೆಗೆ ಬಂದು ಅವನು ಬ್ರಶ್ ಹಿಡಿದು ಕೈ ಉಜ್ಜುತ್ತಾನೆ. ಉಗುರಿನ ಸಂದಿಯ ಮಸಿ, ಬೆರಳಿನ ಗಂಟಿನ ಮಸಿ. ಉಜ್ಜುತ್ತಲೇ ಇರುತ್ತಾನೆ. ಮಾತು ಬಹಳ ಕಡಿಮೆ. ಅವನಿಗೆ ಐದು ಹೆಣ್ಣುಮಕ್ಕಳು, ಅವರ ಓದೂ ಅದೇ ಸನ್ಯಾಸಿನಿಯರ ಕೈಯಲ್ಲಿ. ಬಾಯಿ ಬಿಟ್ಟರೆ ಏನು ಕಳೆದುಕೊಳ್ಳುತ್ತೇನೆ ಅಂತ ಅವನು ಲೆಕ್ಕ ಹಾಕುವುದು ಬರೀ ಮುಖದಲ್ಲೇ ಗೊತ್ತಾಗುತ್ತದೆ.

ಇತಿಹಾಸ ಅಂದಿರಲ್ಲ, ಸ್ವಾತಂತ್ರ್ಯ ಹೋರಾಟಕ್ಕೆ ಬರೋಣ. ಎಲ್ಲರೂ ಹೇಳುವ ಹೆಸರು 'ಮೈಕೆಲ್ ಕಾಲಿನ್ಸ್' (1996). ನೋಡಿ, ಚೆನ್ನಾಗಿದೆ. ಆದರೆ ನಾಯಕರ ಕಥೆಗಿಂತ ಊರಿನ ಕಥೆ ಬೇಕಿದ್ದರೆ 'ದಿ ವಿಂಡ್ ದಟ್ ಶೇಕ್ಸ್ ದಿ ಬಾರ್ಲಿ' ನೋಡಿ. 2006ರಲ್ಲಿ ಕಾನ್‌ನ ಅತಿ ದೊಡ್ಡ ಪ್ರಶಸ್ತಿ ಪಡೆದದ್ದು. ನಿರ್ದೇಶಕ ಕೆನ್ ಲೋಚ್ ಇಂಗ್ಲಿಷರವರು ಅನ್ನುವುದೂ ಗಮನಿಸಬೇಕಾದ ವಿಷಯ. 1920ರ ಕಾರ್ಕ್ ಸೀಮೆ, ಇಬ್ಬರು ಅಣ್ಣತಮ್ಮಂದಿರು. ತಮ್ಮ ಡಾಕ್ಟರ್, ಲಂಡನ್‌ಗೆ ಕೆಲಸಕ್ಕೆ ಹೊರಟವನು ಹಿಂತಿರುಗಿ ಬಂದೂಕು ಹಿಡಿಯುತ್ತಾನೆ.

ಇದರಲ್ಲಿ ಗುಂಡಿನ ಕಾಳಗಕ್ಕಿಂತ ದೊಡ್ಡ ದೃಶ್ಯ ಒಂದು ಕೋರ್ಟಿನದು. ಹೋರಾಟಗಾರರು ತಮ್ಮದೇ ನ್ಯಾಯಾಲಯ ನಡೆಸುತ್ತಿದ್ದಾರೆ. ಬಡ ಮುದುಕಿಯಿಂದ ವಿಪರೀತ ಬಡ್ಡಿ ಸುಲಿದ ಸಾಹುಕಾರನಿಗೆ ದಂಡ ಬೀಳುತ್ತದೆ. ಅಣ್ಣ ಅವನನ್ನು ಬಿಡಿಸಿಕೊಂಡು ಹೋಗುತ್ತಾನೆ, ಯಾಕೆಂದರೆ ಬಂದೂಕಿಗೆ ದುಡ್ಡು ಕೊಡುವವನು ಅವನೇ. ಅಲ್ಲೇ ಶುರುವಾಗುತ್ತದೆ ಜಗಳ. ಸ್ವಾತಂತ್ರ್ಯ ಯಾರಿಗೆ? ಮುದುಕಿಗೋ ಸಾಹುಕಾರನಿಗೋ? 1921ರ ಡಿಸೆಂಬರಿನಲ್ಲಿ ಬ್ರಿಟನ್ ಜೊತೆ ಒಪ್ಪಂದವಾಯಿತು, ಅದನ್ನು ಒಪ್ಪಿದವರು, ಒಪ್ಪದವರು ಅಂತ ಒಡೆದು ಮರುವರ್ಷ ಐರಿಶರೇ ಐರಿಶರ ಮೇಲೆ ಗುಂಡು ಹಾರಿಸಿದರು. ಲೆನನ್ 1967ರಲ್ಲಿ ಕೇಳಿದ ಪ್ರಶ್ನೆಯ ಬೇರು ಈ ಕೋರ್ಟಿನಲ್ಲಿದೆ.

ಬರಗಾಲದ ಬಗ್ಗೆ 'ಬ್ಲ್ಯಾಕ್ 47' (2018) ಮತ್ತು 'ಅರಾಕ್ಟ್' (2019) ಇವೆ. 1845ರಿಂದ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿದರು. 1841ರಲ್ಲಿ ಆ ದ್ವೀಪದಲ್ಲಿ 80 ಲಕ್ಷಕ್ಕೂ ಮೀರಿ ಜನ ಇದ್ದರು. ಇವತ್ತಿಗೂ ಅಷ್ಟಾಗಿಲ್ಲ. ಮೊದಲನೆಯದು ಸೇಡಿನ ಕಥೆ, ಓಟ ಜೋರು. ಎರಡನೆಯದು ಐರಿಶ್ ಭಾಷೆಯಲ್ಲೇ ಇದೆ, ನನಗೆ ಅದೇ ಜಾಸ್ತಿ ಇಷ್ಟ.

ನೆಲದ ಮೇಲೆ ಆ ಜನಕ್ಕೆ ಯಾಕಷ್ಟು ಜೀವ ಅನ್ನುವುದಕ್ಕೆ ಹಳೆಯ ಒಂದು ಸಿನಿಮಾ ನೋಡಬೇಕು. ರಾಬರ್ಟ್ ಫ್ಲಾಹರ್ಟಿ ಅವರ 'ಮ್ಯಾನ್ ಆಫ್ ಆರನ್' (1934). ಪಶ್ಚಿಮ ಕಡಲಿನ ಆರನ್ ದ್ವೀಪಗಳಲ್ಲಿ ನೆಲ ಅಂದರೆ ಬರೀ ಸುಣ್ಣಕಲ್ಲು. ಗಂಡಸು ಸುತ್ತಿಗೆಯಲ್ಲಿ ಬಂಡೆ ಒಡೆಯುತ್ತಾನೆ. ಹೆಂಗಸು ಬುಟ್ಟಿಯಲ್ಲಿ ಕಡಲ ಪಾಚಿ ಹೊತ್ತು ತರುತ್ತಾಳೆ. ಬಂಡೆಯ ಬಿರುಕಿಗೆ ಕೈ ಹಾಕಿ ಹಿಡಿ ಹಿಡಿ ಮಣ್ಣು ಕೆರೆದು ತೆಗೆಯುತ್ತಾರೆ. ಪಾಚಿ, ಮಣ್ಣು ಪದರ ಪದರವಾಗಿ ಹರಡಿ ಆಲೂಗಡ್ಡೆ ಬೆಳೆಯುವ ಮಡಿ ಮಾಡುತ್ತಾರೆ. ಹೊಲ ಉಳುವುದಲ್ಲ, ಹೊಲವನ್ನೇ ಮಾಡುವುದು! ಆದರೆ ಇದನ್ನು ಪೂರ್ತಿ ನಿಜ ಅಂತ ನಂಬಬೇಡಿ. ತೆರೆಯ ಮೇಲಿನ ಅಪ್ಪ, ಅಮ್ಮ, ಮಗ ನಿಜವಾದ ಒಂದೇ ಮನೆಯವರಲ್ಲ. ಶಾರ್ಕ್ ಬೇಟೆ ನಿಂತು ಎಷ್ಟೋ ಕಾಲವಾಗಿತ್ತು, ಸಿನಿಮಾಕ್ಕಾಗಿ ಅವರಿಗೆ ಮತ್ತೆ ಕಲಿಸಿದರು. ಹೊರಗಿನವನಿಗೆ ಬೇಕಾದ ಐರ್ಲೆಂಡ್ ಅದು. 1978ರ 'ಹೌ ದ ಮಿಥ್ ವಾಸ್ ಮೇಡ್' ಈ ಶೂಟಿಂಗ್ ಕಥೆಯನ್ನೇ ಬಿಚ್ಚಿಡುತ್ತದೆ, ಎರಡನ್ನೂ ಒಟ್ಟಿಗೆ ನೋಡಿ. ಆಮೇಲೆ 'ದಿ ಫೀಲ್ಡ್' (1990). ಅಲ್ಲೂ ಅಪ್ಪ ಮಗ ಬೆನ್ನ ಮೇಲೆ ಪಾಚಿ ಹೊತ್ತು ಗುಡ್ಡ ಹತ್ತುತ್ತಾರೆ. ಹಾಗೆ ಹಸಿರು ಮಾಡಿದ ಹೊಲವನ್ನು ಒಡತಿ ಹರಾಜಿಗೆ ಇಡುತ್ತಾಳೆ. ಗೇಣಿ ಮಾಡಿದ ಮನೆತನದಲ್ಲಿ ಹುಟ್ಟಿದವರಿಗೆ ಆ ಮುದುಕನ ಕೋಪ ಬಿಡಿಸಿ ಹೇಳಬೇಕಿಲ್ಲ.

ಬ್ರಿಟನ್ ಕೈಯಲ್ಲೇ ಉಳಿದ ಉತ್ತರ ಐರ್ಲೆಂಡ್ ಬೇರೆಯೇ ದೊಡ್ಡ ವಿಷಯ. 'ಬ್ಲಡಿ ಸಂಡೇ' (2002) ನೋಡಿದರೆ 1972ರಲ್ಲಿ ಮೆರವಣಿಗೆ ಹೊರಟ ಜನರ ಮೇಲೆ ಬ್ರಿಟಿಷ್ ಸೈನಿಕರು ಗುಂಡು ಹಾರಿಸಿದ್ದು, 'ಹಂಗರ್' (2008) ನೋಡಿದರೆ 1981ರಲ್ಲಿ ಜೈಲಿನಲ್ಲಿ ಕೈದಿಗಳು ಉಪವಾಸ ಮಾಡಿ ಸತ್ತದ್ದು ಅರ್ಥವಾಗುತ್ತವೆ. ಅವುಗಳ ಜೊತೆ 'ಯಂಗ್ ಪ್ಲೇಟೋ' (2021) ಇರಲೇಬೇಕು. ಬೆಲ್‌ಫಾಸ್ಟಿನ ಆರ್ಡೋಯ್ನ್‌ನಲ್ಲಿ, ಗಲಭೆಯಲ್ಲಿ ಬೆಂದ ಓಣಿಯಲ್ಲಿ, ಒಬ್ಬ ಹೆಡ್‌ಮಾಸ್ಟರ್ ಪ್ರೈಮರಿ ಶಾಲೆಯ ಗಂಡುಹುಡುಗರಿಗೆ ತತ್ವಶಾಸ್ತ್ರ ಕಲಿಸುತ್ತಾರೆ. ಸಿಟ್ಟು ಬಂದಾಗ ಕೈ ಎತ್ತುವ ಮೊದಲು ಯೋಚಿಸಲು ಕಲಿಸುತ್ತಾರೆ. ಮೇಷ್ಟ್ರಾಗಿದ್ದವರಂತೂ ತಪ್ಪದೆ ನೋಡಿ. ಮನೆಯಲ್ಲಿ ಮಕ್ಕಳಿದ್ದರೆ 'ವುಲ್ಫ್‌ವಾಕರ್ಸ್' (2020) ಹಾಕಿಕೊಡಿ, 1650ರಲ್ಲಿ ಕಿಲ್ಕೆನ್ನಿ ಎಂಬ ಊರಿನಲ್ಲಿ ನಡೆಯುವ ಕಥೆ, ಕೈಯಲ್ಲಿ ಬರೆದ ಚಿತ್ರಗಳು.

ಕೊನೆಗೆ ಭಾಷೆ. ಇದನ್ನು ಕನ್ನಡದವರು ಬೇಗ ಹಿಡಿಯುತ್ತಾರೆ. ಐರಿಶ್ ಅಲ್ಲಿನ ಮೊದಲ ಅಧಿಕೃತ ಭಾಷೆ. ಶಾಲೆಯಲ್ಲಿ ಎಲ್ಲರೂ ಕಲಿಯುತ್ತಾರೆ. ಆದರೆ 2022ರ ಜನಗಣತಿಯ ಪ್ರಕಾರ ಶಾಲೆಯ ಹೊರಗೆ ದಿನವೂ ಮಾತಾಡುವವರು ಸುಮಾರು 72 ಸಾವಿರ ಮಾತ್ರ. 1996ರಲ್ಲಿ ಐರಿಶ್ ಭಾಷೆಗೇ ಒಂದು ಟಿವಿ ಚಾನೆಲ್ ಬಂತು, ಆಮೇಲೆ ಆ ಭಾಷೆಯ ಸಿನಿಮಾಕ್ಕೆ ದುಡ್ಡು ಹಾಕುವ ಯೋಜನೆ ಬಂತು. ಹಾಗೆ ಹುಟ್ಟಿದ್ದು ಮೇಲೆ ಹೇಳಿದ 'ಅರಾಕ್ಟ್', ಮತ್ತು 2022ರ 'ಅನ್ ಕಾಲೀನ್ ಕ್ಯೂನ್'. ಹೆಸರಿನ ಅರ್ಥ, ಮಾತಿಲ್ಲದ ಹುಡುಗಿ. ಇದು ಆಸ್ಕರ್‌ನ ಅಂತಿಮ ಪಟ್ಟಿ ತಲುಪಿದ ಮೊದಲ ಐರಿಶ್ ಭಾಷೆಯ ಚಿತ್ರ. ಬೆಲ್‌ಫಾಸ್ಟ್ ಹುಡುಗರು ಐರಿಶ್‌ನಲ್ಲಿ ರ‍್ಯಾಪ್ ಮಾಡುವ 'ನೀಕ್ಯಾಪ್' (2024) ಇದಕ್ಕೆ ತದ್ವಿರುದ್ಧ, ಒಂದೇ ಗದ್ದಲ. ಅದೂ ನನಗೆ ಇಷ್ಟವೇ.

'ಅನ್ ಕಾಲೀನ್ ಕ್ಯೂನ್' ಕಥೆ ಸಣ್ಣದು. 1981ರ ಬೇಸಿಗೆ. ಮಕ್ಕಳು ಜಾಸ್ತಿ ಇರುವ ಬಡ ಮನೆಯ ಒಂದು ಹುಡುಗಿಯನ್ನು, ಅಮ್ಮನ ಹೆರಿಗೆ ಆಗುವ ತನಕ ದೂರದ ನೆಂಟರ ಮನೆಗೆ ಕಳಿಸುತ್ತಾರೆ. ಆ ಮನೆಯಲ್ಲಿ ಗಂಡಹೆಂಡತಿ ಇಬ್ಬರೇ. ಅವರು ಐರಿಶ್ ಆಡುತ್ತಾರೆ, ಹುಡುಗಿಯ ಅಪ್ಪ ಮಾತ್ರ ಇಂಗ್ಲಿಷ್. ಮನೆಯಾಕೆ ರಾತ್ರಿ ಒಂದು, ಎರಡು, ಮೂರು ಅಂತ ಎಣಿಸುತ್ತಾ ಹುಡುಗಿಯ ತಲೆ ಬಾಚುತ್ತಾಳೆ. ಗಂಡನಿಗೆ ಮೊದಮೊದಲು ಹುಡುಗಿಯ ಕಡೆ ನೋಡಲೂ ಆಗುವುದಿಲ್ಲ. ಒಂದು ದಿನ ಅವನು ಅಡುಗೆಮನೆಯಿಂದ ಹೊರಗೆ ಹೋಗುತ್ತಾ ಅವಳ ಮುಂದೆ, ಮೇಜಿನ ಮೇಲೆ, ಒಂದು ಬಿಸ್ಕತ್ತು ಇಟ್ಟು ಹೋಗುತ್ತಾನೆ. ಏನೂ ಹೇಳುವುದಿಲ್ಲ, ನಿಲ್ಲುವುದೂ ಇಲ್ಲ.

ಇದನ್ನು ನಾನು ಅವ್ವನ ಜೊತೆ ಕೂತು ನೋಡಿದೆ. ಅವರಿಗೆ ಇಂಗ್ಲಿಷ್ ಸಬ್‌ಟೈಟಲ್ ಓದಲು ಬರುವುದಿಲ್ಲ. ಹಾಗಾಗಿ ನಾನು ಪಕ್ಕದಲ್ಲಿ ಒಂದೊಂದೇ ಸಾಲು ಕನ್ನಡದಲ್ಲಿ ಹೇಳುತ್ತಿದ್ದೆ. ಆ ಬಿಸ್ಕತ್ತು ಬಂದಾಗ ಅವ್ವ ನನ್ನ ಮೊಣಕಾಲ ಮೇಲೆ ಕೈಯಿಟ್ಟು, "ನೀ ಸುಮ್ಮನಿರು, ನನಗ ತಿಳೀತೈತಿ" ಅಂದರು. ಅಲ್ಲಿಂದ ಕೊನೆಯವರೆಗೆ ನಾನು ಒಂದು ಸಾಲೂ ಓದಿ ಹೇಳಲಿಲ್ಲ.