ಯುರೇನಿಯಂ ಎರಡಾಗಿ ಒಡೆಯಿತೆಂದು ಭೌತವಿಜ್ಞಾನಿ ಲೀಸ ಮೈಟ್ನರ್‌ಗೆ ಹೇಗೆ ಗೊತ್ತಾಯಿತು?

ಬರ್ಲಿನ್ನಿನಿಂದ ಬಂದ ಒಂದು ಪತ್ರ ಮತ್ತು ಅದರ ಮೇಲೆ ಅವರೇ ಹಾಕಿದ ಲೆಕ್ಕದಿಂದ. ಯಹೂದಿ ಮೂಲದವರಾದ್ದರಿಂದ ಮೈಟ್ನರ್ 1938ರ ಜುಲೈಯಲ್ಲಿ ಜರ್ಮನಿ ಬಿಟ್ಟು ಸ್ವೀಡನ್ ಸೇರಬೇಕಾಯಿತು. ಅದೇ ಡಿಸೆಂಬರಿನಲ್ಲಿ ಹಳೆಯ ಸಹೋದ್ಯೋಗಿ, ರಸಾಯನವಿಜ್ಞಾನಿ ಓಟ್ಟೋ ಹಾನ್ ಬರೆದರು: ಯುರೇನಿಯಂಗೆ ನ್ಯೂಟ್ರಾನ್ (ವಿದ್ಯುದಾವೇಶವಿಲ್ಲದ ಪುಟ್ಟ ಕಣ) ಹೊಡೆದರೆ ಬೇರಿಯಂ ಸಿಗುತ್ತಿದೆ, ಇದು ಹೇಗೆ? ಬೇರಿಯಂನ ತೂಕ ಯುರೇನಿಯಂನ ಅರ್ಧಕ್ಕಿಂತ ತುಸುವೇ ಹೆಚ್ಚು.

ಸಹೋದರಿಯ ಮಗ ಓಟ್ಟೋ ಫ್ರಿಶ್ ಜೊತೆ ಹಿಮದಲ್ಲಿ ನಡೆಯುತ್ತಾ, ಮರದ ದಿಮ್ಮಿಯ ಮೇಲೆ ಕೂತು ಚೀಟಿಗಳಲ್ಲಿ ಲೆಕ್ಕ ಹಾಕಿದರು. ಮಳೆಗಾಲದಲ್ಲಿ ನಮ್ಮ ಕುಂಬಳೆ, ಬದಿಯಡ್ಕದ ತೋಟಗಳಲ್ಲಿ ಕೆಸುವಿನೆಲೆ ಮೇಲಿನ ದೊಡ್ಡ ಹನಿಯನ್ನು ಅಲುಗಿಸಿ ನೋಡಿ: ಉದ್ದಕ್ಕೆ ಎಳೆದುಕೊಂಡು, ನಡು ಸಪೂರವಾಗಿ, ಎರಡಾಗುತ್ತದೆ. ಪರಮಾಣುವಿನ ಬೀಜಕೇಂದ್ರವೂ ಹಾಗೆಯೇ. ಯುರೇನಿಯಂನಲ್ಲಿ ಧನ ವಿದ್ಯುದಾವೇಶದ 92 ಪ್ರೋಟಾನ್‌ಗಳು ಒಂದನ್ನೊಂದು ದೂರ ತಳ್ಳುತ್ತಿರುವುದರಿಂದ ಹಿಡಿದಿಡುವ ಬಿಗಿ ಮೊದಲೇ ಸಡಿಲ. ಒಂದು ನ್ಯೂಟ್ರಾನ್ ಸೇರಿದರೆ ಸಾಕು.

ಹೋಳುಗಳ ಒಟ್ಟು ದ್ರವ್ಯರಾಶಿ, ಒಡೆಯುವ ಮೊದಲಿದ್ದುದಕ್ಕಿಂತ ಪ್ರೋಟಾನಿನ ಐದನೇ ಒಂದು ಪಾಲಿನಷ್ಟು ಕಡಿಮೆ ಬಂತು. ಐನ್‌ಸ್ಟೈನ್ ಸೂತ್ರದಂತೆ ಕಳೆದ ದ್ರವ್ಯರಾಶಿ ಶಕ್ತಿಯಾಗುತ್ತದೆ; ಅದು ಸುಮಾರು 200 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದಲ್ಲಿ ಶಕ್ತಿಯ ಅಳತೆ). ಹೋಳುಗಳು ಸಿಡಿದು ದೂರವಾಗುವ ಶಕ್ತಿಯೂ ಅಷ್ಟೇ. ಲೆಕ್ಕ ಕೂಡಿತು.

1944ರ ರಸಾಯನಶಾಸ್ತ್ರದ ನೊಬೆಲ್ ಮಾತ್ರ ಹಾನ್ ಒಬ್ಬರಿಗೇ ಹೋಯಿತು. ಅದು ಅನ್ಯಾಯವೆಂದೇ ನಾನು ಹೇಳುತ್ತೇನೆ.