ಓದುಗರ ಪ್ರಶ್ನೆ: ಹುಣಸೆ, ಚಾರೋಳಿ, ಸೀತಾಫಲ, ನೇರಳೆ ಬೀಜಗಳು ಯಾವುದಕ್ಕೆ ಬರುತ್ತವೆ?

ಪ್ರಶ್ನೆ: ಹುಣಸೆಹಣ್ಣು ಬಿಡಿಸಿದ ಮೇಲೆ ಒಂದು ಚೀಲ ಬೀಜ ಉಳಿದಿದೆ. ರೊಟ್ಟಿ ಹಿಟ್ಟಿಗೆ ಬೆರೆಸಬಹುದೇ? ದನಕ್ಕೆ ಹಾಕಬಹುದೇ?
– ಓದುಗರು, ಚಿಂಚೋಳಿ

ಉತ್ತರ: ಬೆರೆಸಬಹುದು, ಆದರೆ ಕಂದು ಸಿಪ್ಪೆ ಪೂರ್ತಿ ಹೋಗಿರಬೇಕು. ಬೀಜದ ತೂಕದಲ್ಲಿ ನೂರಕ್ಕೆ ಸುಮಾರು 30 ಭಾಗ ಸಿಪ್ಪೆಯೇ. ಅದರ ಒಗರು, ಅಂದರೆ ಟ್ಯಾನಿನ್, ಪ್ರೋಟೀನನ್ನು ಹಿಡಿದಿಟ್ಟು ಜೀರ್ಣವಾಗಲು ಬಿಡುವುದಿಲ್ಲ, ಮಲಬದ್ಧತೆಯನ್ನೂ ತರುತ್ತದೆ. ಒಳಗಿನ ಬಿಳಿ ತಿರುಳಿನಲ್ಲಿ ನೂರಕ್ಕೆ 15ರಿಂದ 20ರಷ್ಟು ಪ್ರೋಟೀನ್ ಇದೆ. ಜೋಳದಲ್ಲಿ ಕೊರತೆಯಿರುವ ಲೈಸಿನ್ ಎಂಬ ಪ್ರೋಟೀನಿನ ಅಂಶ ಇದರಲ್ಲಿ ಚೆನ್ನಾಗಿದೆ. ಹಾಗಾಗಿ ಜೋಳ ಉಣ್ಣುವ ನಮ್ಮ ಸೀಮೆಗೆ ಇದು ನಿಜಕ್ಕೂ ಬೆಲೆಯುಳ್ಳ ಬೀಜ.

ಮೊದಲು ಬೀಜವನ್ನು ನೀರಿಗೆ ಹಾಕಿ, ತೇಲುವ ಹುಳುಕು ಬೀಜ ತೆಗೆದುಬಿಡಿ. ಅಂಟಿದ ಹುಳಿ ತೊಳೆದು ಎರಡು ಮೂರು ದಿನ ಬಿಸಿಲಲ್ಲಿ ಒಣಗಿಸಿ. ಕಬ್ಬಿಣದ ಬಾಣಲೆಯಲ್ಲಿ ಮರಳು ಕಾಯಿಸಿ, ಸಣ್ಣ ಉರಿಯಲ್ಲಿ 10–15 ನಿಮಿಷ ಕೈಬಿಡದೆ ಹುರಿಯಿರಿ. ಸಿಪ್ಪೆ ಬಿರಿದ ಕೂಡಲೇ ಇಳಿಸಿ ಜರಡಿ ಹಿಡಿದು, ಬಿಸಿ ಆರುವ ಮೊದಲೇ ಒರಳಿಗೆ ಹಾಕಿ ಕುಟ್ಟಿ, ಮೊರದಲ್ಲಿ ಕೇರಿ. ಆರಿದರೆ ಸಿಪ್ಪೆ ಮತ್ತೆ ಗಟ್ಟಿಯಾಗಿ ಹಿಡಿಯುತ್ತದೆ. ಹುರಿದದ್ದು ಹೆಚ್ಚಾದರೆ ತಿರುಳು ಕಂದಾಗಿ ಕಹಿಯಾಗುತ್ತದೆ. ಕಡಿಮೆಯಾದರೆ ಹಿಟ್ಟಿಗೆ ಕೆಂಪು ಬಣ್ಣ ಬರುತ್ತದೆ, ಅಂದರೆ ಸಿಪ್ಪೆ ಉಳಿದಿದೆ. 1 ಕೆ.ಜಿ. ಬೀಜದಿಂದ 700 ಗ್ರಾಂಗಿಂತ ಹೆಚ್ಚು ತಿರುಳು ನಿರೀಕ್ಷಿಸಬೇಡಿ.

ತಿರುಳು ಕಲ್ಲಿನಷ್ಟು ಗಟ್ಟಿ. ಮಿಕ್ಸಿಯ ಬ್ಲೇಡು ಹಾಳಾದೀತು. ಒರಳಲ್ಲಿ ನುಚ್ಚು ಮಾಡಿಕೊಂಡು ಗಿರಣಿಗೆ ಕೊಡಿ. ಒಂಬತ್ತು ಪಾಲು ಜೋಳದ ಹಿಟ್ಟಿಗೆ ಒಂದು ಪಾಲು ಸಾಕು. ತಿರುಳಿನ ಅರ್ಧಕ್ಕಿಂತ ಹೆಚ್ಚು ಭಾಗ ಅಂಟಿನ ಗುಣದ ಶರ್ಕರಪಿಷ್ಟ; ಹೆಚ್ಚು ಬೆರೆಸಿದರೆ ಹಿಟ್ಟು ಲೋಳೆಯಾಗಿ ರೊಟ್ಟಿ ಬಡಿಯಲು ಬರುವುದಿಲ್ಲ. ಇದೇ ಅಂಟಿಗಾಗಿಯೇ ಕಂಬಳಿ ನೇಯುವವರು ಹುಣಸೆ ಬೀಜದ ಗಂಜಿಯನ್ನು ನೂಲಿಗೆ ಹಚ್ಚುತ್ತಾರೆ. ಗಂಜಿ ಮಾಡುವಾಗ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿಕೊಂಡೇ ಒಲೆಗೆ ಇಡಿ. ಬಿಸಿನೀರಿಗೆ ಸುರಿದರೆ ಗಂಟಾಗುತ್ತದೆ.

ದನಕ್ಕೂ ಸಿಪ್ಪೆ ತೆಗೆದ ನುಚ್ಚನ್ನೇ, ಬೇರೆ ಹಿಂಡಿಯ ಜೊತೆ ಸ್ವಲ್ಪ ಸ್ವಲ್ಪವಾಗಿ ಹಾಕಿ. ಇಡೀ ಬೀಜ ಸಗಣಿಯಲ್ಲಿ ಹಾಗೇ ಹೊರಬರುತ್ತದೆ. ಮತ್ತೊಂದು ಎಚ್ಚರ: ಹುಣಸೆ ಬೀಜ ಕೊರೆಯುವ ದುಂಬಿಯೇ ಶೇಂಗಾವನ್ನೂ ಕೊರೆಯುತ್ತದೆ. ಎರಡೂ ಚೀಲಗಳನ್ನು ಒಂದೇ ಕೋಣೆಯಲ್ಲಿ ಇಡಬೇಡಿ.

ಪ್ರಶ್ನೆ: ಚಾರೋಳಿ ಒಡೆಯುವಾಗ ತಿರುಳೂ ನುಜ್ಜಾಗುತ್ತದೆ. ಉಳಿದದ್ದು ಬೇಗ ಕಮಟು ಹಿಡಿಯುತ್ತದೆ. ಯಾಕೆ?
– ಓದುಗರು, ಹುಮನಾಬಾದ್

ಉತ್ತರ: ಹಣ್ಣು ಕಪ್ಪಾಗುವ ಮೊದಲೇ ಕಿತ್ತಿರಬೇಕು. ಎಳೆಯ ತಿರುಳು ಮೆತ್ತಗಿರುತ್ತದೆ, ತೂಕವೂ ಬರುವುದಿಲ್ಲ. ಕಳಿತ ಹಣ್ಣನ್ನು ರಾತ್ರಿ ನೆನೆಸಿ, ಗೋಣಿಯ ಮೇಲೆ ಉಜ್ಜಿ ಸಿಪ್ಪೆ ತೆಗೆಯಿರಿ. ಅಲುಗಾಡಿಸಿದರೆ ಗಲಗಲ ಅನ್ನುವವರೆಗೆ ಒಣಗಿಸಿ, ಬೀಸುಕಲ್ಲಿನಲ್ಲಿ ಸ್ವಲ್ಪವೇ ಹಾಕಿ ಮೆಲ್ಲಗೆ ತಿರುಗಿಸಿ. ತಿರುಳಿನಲ್ಲಿ ಅರ್ಧದಷ್ಟು ಎಣ್ಣೆಯೇ ಇರುವುದರಿಂದ ಗಾಳಿ, ಬಿಸಿ ತಾಗಿದರೆ ಕೆಡುತ್ತದೆ. ಬೇಕಾದಷ್ಟೇ ಒಡೆದು, ಉಳಿದದ್ದನ್ನು ಚಿಪ್ಪಿನಲ್ಲೇ ಇಟ್ಟುಕೊಳ್ಳಿ.

ಪ್ರಶ್ನೆ: ಸೀತಾಫಲದ ಬೀಜ ಅರೆದು ಹೇನಿಗೆ ಹಚ್ಚಬಹುದೇ?
– ಓದುಗರು, ಬೀದರ್

ಉತ್ತರ: ಬೇಡ. ಹೇನು ಸಾಯುತ್ತದೆ ನಿಜ, ಆದರೆ ಅರೆದ ಬೀಜದ ಹನಿ ಕಣ್ಣಿಗೆ ಬಿದ್ದರೆ ಕಣ್ಣಿನ ಕರಿಗುಡ್ಡೆಯ ಮೇಲ್ಪದರ ಸುಟ್ಟಂತಾಗುತ್ತದೆ. ಮಕ್ಕಳ ತಲೆಗಂತೂ ಖಂಡಿತ ಬೇಡ. ಬಿದ್ದರೆ ಉಜ್ಜದೆ, ಕೂಡಲೇ ಧಾರಾಳ ನೀರಿನಿಂದ ತೊಳೆದು ಕಣ್ಣಿನ ವೈದ್ಯರಲ್ಲಿಗೆ ಹೋಗಿ.

ಪ್ರಶ್ನೆ: ನೇರಳೆ ಬೀಜದ ಪುಡಿ ಸಕ್ಕರೆ ಕಾಯಿಲೆಗೆ ಆಗುತ್ತದೆಯೇ? ಅದೇ ಬೀಜ ಸಸಿಗೂ ಬರುತ್ತದೆಯೇ?
– ಓದುಗರು, ಶಹಾಪುರ

ಉತ್ತರ: ಆಯುರ್ವೇದದಲ್ಲಿ ದಿನಕ್ಕೆ 3ರಿಂದ 6 ಗ್ರಾಂ ಪುಡಿ ಕೊಡುವ ರೂಢಿಯಿದೆ. ಆದರೆ ಇದನ್ನು ನಂಬಿ ಮಾತ್ರೆ, ಇನ್ಸುಲಿನ್ ಬಿಡಬೇಡಿ. ಎರಡನ್ನೂ ಸೇರಿಸಿ ತೆಗೆದುಕೊಂಡರೆ ಸಕ್ಕರೆ ಅಂಶ ಹಠಾತ್ತನೆ ಇಳಿಯಬಹುದು, ವೈದ್ಯರಿಗೆ ಹೇಳಿಯೇ ಶುರುಮಾಡಿ. ಹಣ್ಣು ಬರುವುದೇ ಮಳೆಗಾಲದ ಹೊಸ್ತಿಲಲ್ಲಿ; ಅರೆ ಒಣಗಿದ ಬೀಜಕ್ಕೆ ಒಳಗೊಳಗೇ ಬೂಷ್ಟು ಹಿಡಿಯುತ್ತದೆ. ಬೀಜವನ್ನು ಸೀಳಿ, ಮುರಿದರೆ ಪಟ್ಟೆನ್ನುವಂತೆ ಒಣಗಿದ ಮೇಲೆ ಪುಡಿ ಮಾಡಿ.

ಸಸಿಗೆ ಇದಕ್ಕೆ ತಿರುಗುಮುರುಗು. ಒಣಗಿದರೆ ಬೀಜ ಸತ್ತಂತೆ. ಹಣ್ಣು ತಿಂದ ವಾರ ಹತ್ತು ದಿನದೊಳಗೆ ತೊಳೆದು, ಚೀಲದ ಮಣ್ಣಿನಲ್ಲಿ ಎರಡು ಸೆಂಟಿಮೀಟರ್ ಆಳಕ್ಕೆ ಊರಿ. ಒಂದೇ ಬೀಜದಿಂದ ಎರಡು ಮೂರು ಮೊಳಕೆ ಬಂದರೆ ಗಟ್ಟಿಯಾದುದನ್ನು ಉಳಿಸಿಕೊಂಡು ಉಳಿದವನ್ನು ಕಿತ್ತುಹಾಕಿ.